ಕ್ಷಮಿಸಿದ್ದಾಯಿತು, ಮತ್ತೆ ನಂಬುವುದು ಹೇಗೆ?

ಮನಸ್ಸು ಮುರಿದ ಮೇಲೆ ಮತ್ತೆ ಪ್ರೀತಿಸುವ ಬಗ್ಗೆ ಬೆಂಗಳೂರಿನ ಕ್ರೈಸ್ತ ಓದುಗರಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಕುಟುಂಬ ಸಮಾಲೋಚಕರು, ಸಭಾಪಾಲಕರು (ಚರ್ಚಿನ ಪಾಸ್ಟರ್‌ಗಳು) ಮತ್ತು ವಿವಾಹ ಕಾನೂನು ಬಲ್ಲ ವಕೀಲರು ಸೇರಿ ಉತ್ತರಿಸಿದ್ದಾರೆ. ಬರೆದವರ ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇವೆ.

ನನಗೆ 29 ವರ್ಷ. ನಿಶ್ಚಿತಾರ್ಥವಾಗಿ, ಚರ್ಚಿನಲ್ಲಿ ಎರಡು ಭಾನುವಾರ ಮದುವೆ ಪ್ರಕಟಣೆ ಓದಿದ ಮೇಲೆ ಹುಡುಗನ ಕಡೆಯವರು ಬೇಡ ಅಂದರು. ಕಾರಣ ಇವತ್ತಿಗೂ ಸರಿಯಾಗಿ ಹೇಳಿಲ್ಲ. ಒಂದೂವರೆ ವರ್ಷ ಕಳೆಯಿತು. ಈಗ ಇನ್ನೊಂದು ಒಳ್ಳೆಯ ಸಂಬಂಧ ಬಂದಿದೆ. ಆದರೆ ಹುಡುಗ ಎದುರಿಗೆ ಕೂತರೆ ಕೈ ತಣ್ಣಗಾಗುತ್ತದೆ, ಮಾತೇ ಹೊರಡುವುದಿಲ್ಲ. ‘ದೇವರ ಮೇಲೆ ಭಾರ ಹಾಕಿ ಒಪ್ಪಿಕೋ’ ಅನ್ನುತ್ತಾರೆ ಅಮ್ಮ. ಒಪ್ಪಲೇ?
– ಹೆಸರು ಬೇಡ, ಕಮ್ಮನಹಳ್ಳಿ

ಈಗಲೇ ಒಪ್ಪಲೂ ಬೇಡಿ, ಬೇಡ ಅನ್ನಲೂ ಬೇಡಿ. ಮೂರು ತಿಂಗಳು ಸಮಯ ಕೇಳಿ. ಕೊಡದವರಿದ್ದರೆ ಆ ಸಂಬಂಧದ ಬಗ್ಗೆ ನಿಮಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು.

ಮೊದಲು ಹಳೆಯ ಲೆಕ್ಕ ಮುಗಿದಿದೆಯೇ ನೋಡಿ. ಲೆಕ್ಕ ಅಂದರೆ ಅಕ್ಷರಶಃ ಲೆಕ್ಕವೇ. ಉಂಗುರ, ಸೀರೆ, ಛತ್ರದ ಅಡ್ವಾನ್ಸು, ಅಡುಗೆಯವರಿಗೆ ಕೊಟ್ಟ ದುಡ್ಡು, ಅಚ್ಚಾದ ಲಗ್ನಪತ್ರಿಕೆ. ಉಂಗುರ ಇನ್ನೂ ನಿಮ್ಮ ಬೀರುವಿನಲ್ಲೇ ಇದ್ದರೆ ಮನಸ್ಸು ಆ ಮದುವೆ ಮುಗಿಯಿತು ಎಂದು ಒಪ್ಪುವುದಿಲ್ಲ. ಎರಡೂ ಕಡೆಗೆ ಬೇಕಾದ ಇಬ್ಬರು ಹಿರಿಯರನ್ನು ಕೂರಿಸಿ, ಒಂದೇ ಸಲಕ್ಕೆ, ಒಂದೇ ಹಾಳೆಯಲ್ಲಿ ಬರೆದು ಮುಗಿಸಲಿ. ಆ ಮಾತುಕತೆಗೆ ನೀವು ಹೋಗಬೇಕಿಲ್ಲ. ‘ಕ್ಷಮಿಸಿದ ಮೇಲೆ ದುಡ್ಡು ಕೇಳುವುದು ಕ್ರೈಸ್ತರಿಗೆ ತಕ್ಕದ್ದಲ್ಲ’ ಎಂದು ಯಾರಾದರೂ ಹೇಳಿದರೆ ಬೈಬಲಿನ ಅರಣ್ಯಕಾಂಡ 5:7 ತೋರಿಸಿ. ತಪ್ಪು ಮಾಡಿದವನು ಅಸಲನ್ನು ಪೂರ್ತಿ ಕೊಟ್ಟು ಅದರ ಮೇಲೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕು ಎಂದು ಅಲ್ಲಿದೆ. ಆ ಐದನೇ ಒಂದು ಪಾಲು ನಮ್ಮಲ್ಲಿ ಯಾರೂ ಕೊಡುವುದಿಲ್ಲ, ಅಸಲಾದರೂ ಬರಲಿ. ಫೋಟೋಗಳನ್ನು ಸಿಟ್ಟಿನಲ್ಲಿ ಅಳಿಸಿ, ಆಮೇಲೆ ಹುಡುಕಾಡುವವರು ಬಹಳ ಜನ. ಅದಕ್ಕಿಂತ ಒಂದು ಪೆನ್‌ಡ್ರೈವಿಗೆ ಹಾಕಿ ಅಕ್ಕನ ಕೈಗೋ ಗೆಳತಿಯ ಕೈಗೋ ಕೊಟ್ಟುಬಿಡಿ, ಫೋನಿನಲ್ಲಿ ಒಂದೂ ಇರಬಾರದು.

ಕಾರಣ ಹೇಳದೆ ಬಿಟ್ಟುಹೋಗಿದ್ದಾರಲ್ಲ, ಕಷ್ಟದ ಭಾಗ ಅದು. ಕಾರಣ ಸಿಗದಿದ್ದಾಗ ಮನಸ್ಸು ತಾನೇ ಒಂದನ್ನು ಹುಟ್ಟಿಸಿಕೊಳ್ಳುತ್ತದೆ, ಅದು ಸಾಮಾನ್ಯವಾಗಿ ‘ನನ್ನಲ್ಲೇ ಏನೋ ಕೊರತೆ’ ಎಂಬುದಾಗಿರುತ್ತದೆ. ಇದಕ್ಕೆ 13ನೇ ಕೀರ್ತನೆ ಹಿಡಿದು ಬರೆಯುವ ಅಭ್ಯಾಸ ಒಳ್ಳೆಯದು. ಆರೇ ವಚನ. ಮೊದಲ ಎರಡರಲ್ಲಿ ದೂರು, ‘ಎಷ್ಟರ ತನಕ’ ಎಂದು ಕೀರ್ತನೆಕಾರ ನಾಲ್ಕು ಸಲ ಕೇಳುತ್ತಾನೆ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ನೀವೂ ಅದೇ ಕ್ರಮದಲ್ಲಿ ಬರೆಯಿರಿ. ಮೊದಲ ದಿನ ದೂರು ಮಾತ್ರ, ದೇವರ ಮೇಲಿನ ಸಿಟ್ಟನ್ನೂ ಸೇರಿಸಿ. ಎರಡನೇ ದಿನ ಏನು ಕಳೆದುಕೊಂಡಿರಿ ಎಂಬುದು: ಆ ಹುಡುಗ ಮಾತ್ರವಲ್ಲ, ಚರ್ಚಿನಲ್ಲಿ ತಲೆಯೆತ್ತಿ ಕೂರುವುದು, ಅಪ್ಪನ ನಗು, ಇಟ್ಟುಕೊಂಡಿದ್ದ ಯೋಜನೆಗಳು, ಎಲ್ಲವೂ. ಮೂರನೇ ದಿನ ಬೇಡಿಕೆ. ನಾಲ್ಕನೇ ದಿನ, ಬಂದರೆ, ಭರವಸೆಯ ಎರಡು ಸಾಲು. ಬರದಿದ್ದರೆ ಬಲವಂತ ಬೇಡ, ಹಾಳೆ ಖಾಲಿ ಬಿಡಿ. ದಿನಕ್ಕೆ 15ರಿಂದ 20 ನಿಮಿಷ ಸಾಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಪರೀಕ್ಷಿಸುತ್ತ ಬಂದ ಬರವಣಿಗೆಯ ಕ್ರಮದಲ್ಲೂ ಹೆಚ್ಚುಕಡಿಮೆ ಇಷ್ಟೇ ನಿಮಿಷ, ಇಷ್ಟೇ ದಿನ.

ಜನ ಎಡವುವುದು ಐದನೇ ದಿನ. ಹಗುರವಾಯಿತೆಂದು ತಿಂಗಳುಗಟ್ಟಲೆ ಬರೆಯುತ್ತಾರೆ, ಆಗ ಅದು ಪ್ರಾರ್ಥನೆಯಾಗಿ ಉಳಿಯದೆ ಗಾಯ ಕೆದಕುವ ಚಾಳಿಯಾಗುತ್ತದೆ. ನಾಲ್ಕು ದಿನಕ್ಕೆ ನಿಲ್ಲಿಸಿ. ಮಲಗುವ ಮುಂಚೆ ಬರೆಯಬೇಡಿ, ನಿದ್ದೆ ಕೆಡುತ್ತದೆ. ಬರೆದು ಒಂದೆರಡು ಗಂಟೆಯಾದರೂ ಎದೆ ತಹಬಂದಿಗೆ ಬರದಿದ್ದರೆ ಅದನ್ನು ಬಿಟ್ಟು ಸಮಾಲೋಚಕರ ಎದುರು ಬಾಯಲ್ಲಿ ಹೇಳುವುದು ಉತ್ತಮ.

ಕೈ ತಣ್ಣಗಾಗುವುದು ವಿಶ್ವಾಸದ ಕೊರತೆಯಲ್ಲ. ಹಿಂದೆ ಪೆಟ್ಟು ಬಿದ್ದ ಸಂದರ್ಭವೇ ಮತ್ತೆ ಎದುರಾದಾಗ ದೇಹ ಅಪಾಯವೆಂದು ಓದಿಕೊಂಡು ರಕ್ತವನ್ನು ಕೈಕಾಲುಗಳಿಂದ ಒಳಕ್ಕೆಳೆಯುತ್ತದೆ. ವಾದ ಮಾಡಿ ದೇಹವನ್ನು ಒಪ್ಪಿಸಲಾಗದು, ಉಸಿರಿನಿಂದ ಒಪ್ಪಿಸಬಹುದು. ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ, ಐದು ನಿಮಿಷ. ಒಳಗೆಳೆಯುವಾಗ ‘ಕರ್ತನೇ’, ಬಿಡುವಾಗ ‘ನನ್ನೊಡನಿರು’ ಎಂದುಕೊಳ್ಳಿ. ಹೀಗೆ ಉಸಿರಿನ ಜೊತೆ ಪ್ರಾರ್ಥಿಸುವ ರೂಢಿ ಪೂರ್ವ ದೇಶಗಳ ಕ್ರೈಸ್ತ ಸಭೆಗಳಲ್ಲಿ ಬಹಳ ಹಳೆಯದು. ಹುಡುಗನನ್ನು ನೋಡುವ ದಿನ ಮಾತ್ರ ಮಾಡಿದರೆ ಕೆಲಸಕ್ಕೆ ಬಾರದು. ಎರಡು ವಾರ ದಿನಾ ಬೆಳಿಗ್ಗೆ, ಏನೂ ಗಾಬರಿ ಇಲ್ಲದಾಗ ಮಾಡಿದ್ದರೆ ಗಾಬರಿಯಾದಾಗ ಒದಗುತ್ತದೆ.

ಇನ್ನು ಹುಡುಗ. ಮೂರು ತಿಂಗಳಲ್ಲಿ ನಾಲ್ಕರಿಂದ ಆರು ಸಲ ಭೇಟಿಯಾಗಿ, ಒಂದೆರಡು ಸಲವಾದರೂ ಮನೆಯವರಿಲ್ಲದೆ. ಕಾಫಿ ಅಂಗಡಿಯ ಎದುರುಬದುರು ಕುರ್ಚಿಗಿಂತ ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ನಡೆಯುತ್ತ ಮಾತಾಡುವುದು ನಿಮ್ಮಂಥ ಸ್ಥಿತಿಯಲ್ಲಿರುವವರಿಗೆ ಸುಲಭ, ಮುಖ ನೋಡಿಕೊಂಡೇ ಇರಬೇಕಾಗಿಲ್ಲ. ನಿಶ್ಚಿತಾರ್ಥ ಮುರಿದದ್ದನ್ನು ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ ನೀವೇ ಹೇಳಿ. ಮೂರು ವಾಕ್ಯ ಸಾಕು: ಏನಾಯಿತು, ಯಾವಾಗ, ಈಗ ನಿಮಗೆ ಏನು ಕಷ್ಟವಾಗುತ್ತದೆ. ಹಳೆಯ ಹುಡುಗನ ಗುಣಾವಗುಣ ಬೇಡ. ಆಮೇಲೆ ಇವರು ಏನು ಹೇಳಿದರು ಎಂಬುದಕ್ಕಿಂತ ಮುಂದಿನ ಭೇಟಿಯಲ್ಲಿ ಹೇಗೆ ನಡೆದುಕೊಂಡರು ನೋಡಿ. ಅವಸರ ಕಡಿಮೆ ಮಾಡಿದರೇ, ಅಥವಾ ಅದನ್ನೇ ಹಿಡಿದು ಕೆದಕಿದರೇ? ನಿಮ್ಮ ಕಡೆಯಿಂದ ಇಬ್ಬರು ವಿಚಾರಿಸಲಿ, ಒಬ್ಬರು ಅವರ ಸಭಾಪಾಲಕರನ್ನು, ಇನ್ನೊಬ್ಬರು ಅವರ ಜೊತೆ ಕೆಲಸ ಮಾಡುವವರನ್ನು. ಭಾನುವಾರದ ಮನುಷ್ಯನನ್ನು ಮಾತ್ರ ವಿಚಾರಿಸಿ ಸೋಮವಾರದ ಮನುಷ್ಯನನ್ನು ಮದುವೆಯಾಗುವುದು ನಮ್ಮ ಸಭೆಗಳ ಹಳೆಯ ತಪ್ಪು.

ಪರಿಚಯದವರೊಬ್ಬರನ್ನು ಹುಡುಗನ ಹತ್ತಿರ ಕಳಿಸಿ ಸುಳ್ಳು ಪರೀಕ್ಷೆ ಮಾಡಿಸುವುದು, ಫೋನ್ ಎತ್ತದೆ ಎಷ್ಟು ಸಲ ಮಾಡುತ್ತಾನೆ ಎಂದು ಎಣಿಸುವುದು ಬೇಡ. ಇದರಲ್ಲಿ ಪಾಸಾದವನ ಮೇಲೂ ನಂಬಿಕೆ ಬರುವುದಿಲ್ಲ, ಇನ್ನೊಂದು ಪರೀಕ್ಷೆ ಬೇಕೆನಿಸುತ್ತದೆ. ಒಪ್ಪಿಗೆಯಾಗಿ ಮತ್ತೆ ಪ್ರಕಟಣೆ ಓದುವ ಭಾನುವಾರ ಬಂದಾಗ ಅದೇ ಬೆಂಚಿನಲ್ಲಿ ಕೂತು ಕೇಳಲೇಬೇಕೆಂಬ ನಿಯಮವಿಲ್ಲ. ಕಥೋಲಿಕರಾದರೆ ಪ್ರಕಟಣೆಗೆ ವಿನಾಯಿತಿ ಕೇಳುವ ಅವಕಾಶವೂ ಇದೆ, ಧರ್ಮಕೇಂದ್ರದ ಗುರುಗಳಿಗೆ ಕಾರಣ ಹೇಳಿ.

ನಿದ್ದೆ, ಊಟ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ ಅಥವಾ ಬದುಕು ಬೇಡವೆನಿಸಿದರೆ ಇದಾವುದಕ್ಕೂ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿ, ಕನ್ನಡದಲ್ಲಿ ಮಾತಾಡುತ್ತಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೂ ನೇರವಾಗಿ ಹೋಗಬಹುದು.

ಹೆಂಡತಿಗೆ ಆಫೀಸಿನ ಒಬ್ಬರ ಜೊತೆ ಸಂಬಂಧವಿತ್ತು. ಎಂಟು ತಿಂಗಳ ಹಿಂದೆ ಗೊತ್ತಾಯಿತು. ಮನೆಯ ಪ್ರಾರ್ಥನೆಯಲ್ಲಿ ಹಿರಿಯರೆಲ್ಲರ ಎದುರು ಅವಳು ಅತ್ತು ಕ್ಷಮೆ ಕೇಳಿದಳು, ನಾನು ಕ್ಷಮಿಸಿದೆ ಅಂದೆ. ಈಗ ಫೋನ್ ನೋಡಬೇಕು ಅಂದರೆ ‘ಕ್ಷಮಿಸಿದ ಮೇಲೆ ಇನ್ನೂ ಯಾಕೆ?’ ಅನ್ನುತ್ತಾಳೆ. ಮಾವನವರೂ ಅದನ್ನೇ ಹೇಳುತ್ತಾರೆ. ಇಬ್ಬರು ಮಕ್ಕಳಿದ್ದಾರೆ, ಮನೆ ಮುರಿಯುವುದು ನನಗೆ ಬೇಡ. ಆದರೆ ಅವಳ ಫೋನ್ ಸದ್ದು ಮಾಡಿದರೆ ಹೊಟ್ಟೆ ಕಲಕುತ್ತದೆ.
– ಹೆಸರು ಬೇಡ, ದಾಸರಹಳ್ಳಿ

ನೀವು ಕೊಟ್ಟ ಕ್ಷಮೆಯೇನೂ ಸುಳ್ಳಲ್ಲ. ಕ್ಷಮೆ ಒಂದು ಖಾತೆ, ನಂಬಿಕೆ ಇನ್ನೊಂದು. ಮೊದಲನೆಯದನ್ನು ಒಂದೇ ದಿನದಲ್ಲಿ ಮನ್ನಾ ಮಾಡಬಹುದು, ಎರಡನೆಯದಕ್ಕೆ ಕಂತು ಕಟ್ಟಲೇಬೇಕು. ಮಾವನವರು ಇವೆರಡನ್ನು ಒಂದೇ ಮಾಡಿದ್ದಾರೆ.

ಸ್ವಂತ ಅಣ್ಣಂದಿರೇ ಗುಲಾಮನಾಗಿ ಮಾರಿದ ಯೋಸೇಫನ ಕಥೆಯನ್ನು ಅವರ ಜೊತೆ ಕೂತು ನಿಧಾನವಾಗಿ ಓದಿ. ಅಣ್ಣಂದಿರು ಐಗುಪ್ತಕ್ಕೆ ಬರುವುದಕ್ಕೆ ಮುಂಚೆಯೇ, ಆದಿಕಾಂಡ 41:51ರಲ್ಲಿ, ತನ್ನ ಕಷ್ಟವನ್ನೆಲ್ಲ ದೇವರು ಮರೆಯುವಂತೆ ಮಾಡಿದನೆಂದು ಅವನು ಹಿರಿಯ ಮಗನಿಗೆ ಮನಸ್ಸೆ ಎಂದು ಹೆಸರಿಟ್ಟಿದ್ದ. ಮನಸ್ಸಿನ ಭಾರ ಅಷ್ಟು ಇಳಿದಿದ್ದರೂ ಅಣ್ಣಂದಿರು ಎದುರಿಗೆ ಬಂದಾಗ ತಾನು ಯಾರೆಂದು ಹೇಳಲಿಲ್ಲ. ಮೂರು ದಿನ ಕಾವಲಲ್ಲಿಟ್ಟ, ಅವರಲ್ಲಿ ಸಿಮೆಯೋನನನ್ನು ಹಿಡಿದಿಟ್ಟುಕೊಂಡ, ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾನಪಾತ್ರೆ ಇಡಿಸಿದ. ಹಿಂದೆ ಯೋಸೇಫನನ್ನು ಮಾರೋಣ ಎಂದಿದ್ದ ಅಣ್ಣ ಯೆಹೂದನೇ 44ನೇ ಅಧ್ಯಾಯದಲ್ಲಿ ‘ಹುಡುಗನ ಬದಲು ನಾನು ಗುಲಾಮನಾಗುತ್ತೇನೆ’ ಎಂದು ಮುಂದೆ ಬಂದ ಮೇಲೆಯೇ ಯೋಸೇಫನ ಅಳು ತಡೆಯದೆ ಹೊರಬಂದದ್ದು. ಅದೇ ಜನ, ಅದೇ ಪರಿಸ್ಥಿತಿ, ಬೇರೆ ನಡತೆ. ನಂಬಿಕೆ ಮರಳಲು ಬೇಕಾದದ್ದು ಅದೇ.

ನಿಮ್ಮ ಮನೆಯಲ್ಲಿ ಅದನ್ನು ಹೀಗೆ ಮಾಡಬಹುದು. ಇಬ್ಬರೂ ಕೂತು ಒಂದು ಪುಟದ ಒಪ್ಪಂದ ಬರೆಯಿರಿ, ಅವಧಿ ಆರು ತಿಂಗಳು. ಆ ವ್ಯಕ್ತಿಯ ಜೊತೆ ಯಾವ ಸಂಪರ್ಕವೂ ಇಲ್ಲ. ಕೆಲಸದ ಕಾರಣಕ್ಕೆ ತಪ್ಪದಿದ್ದರೆ ಮೇಲ್ ಮಾತ್ರ, ಅದೂ ಇನ್ನೊಬ್ಬರನ್ನು ಪ್ರತಿಯಲ್ಲಿಟ್ಟು. ಅವರೇ ಸಂಪರ್ಕಿಸಿದರೆ 24 ಗಂಟೆಯೊಳಗೆ ಆಕೆಯೇ ನಿಮಗೆ ಹೇಳುವುದು. ಫೋನನ್ನು ನೀವು ಕಿತ್ತು ನೋಡುವುದಲ್ಲ, ಆಕೆ ತಾನಾಗಿ ತಂದು ತೋರಿಸುವುದು. ಈ ವ್ಯತ್ಯಾಸ ದೊಡ್ಡದು. ಕದ್ದು ನೋಡಿ ಏನೂ ಸಿಗದಿದ್ದರೆ ‘ಅಳಿಸಿರಬೇಕು’ ಅನ್ನಿಸುತ್ತದೆ, ತಾನಾಗಿ ತೋರಿಸಿದ್ದು ಮಾತ್ರ ನಂಬಿಕೆಯ ಕಡೆಗೆ ಜಮೆಯಾಗುತ್ತದೆ. ಆಕೆಗೆ ತಿಳಿಯದಂತೆ ಫೋನಿಗೆ ಗೂಢಚಾರಿ ಆ್ಯಪ್ ಹಾಕುವುದು, ಮಕ್ಕಳನ್ನು ಕೇಳಿ ಪತ್ತೆ ಮಾಡುವುದು ಬೇಡ. ಮೊದಲನೆಯದು ಕಾನೂನಿನ ತೊಡಕಿಗೂ ದಾರಿ, ಎರಡನೆಯದರ ಗಾಯ ಮಕ್ಕಳಿಗೆ.

ಪ್ರಶ್ನೆಗಳಿಗೆ ಸಮಯ ಗೊತ್ತುಮಾಡಿ. ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆ, ಊಟದ ಮೇಜಿನಲ್ಲಿ, ಮಕ್ಕಳು ಟ್ಯೂಷನ್ನಿಗೆ ಹೋದಾಗ. ಮಲಗುವ ಕೋಣೆಯಲ್ಲಿ ಬೇಡ, ರಾತ್ರಿ ಒಂಬತ್ತೂವರೆಯ ನಂತರ ಬೇಡವೇ ಬೇಡ. ಮಿಕ್ಕ ಹೊತ್ತಿನಲ್ಲಿ ಹೊಳೆದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ; ಅರ್ಧದಷ್ಟು ಆ ಸಂಜೆ ಬರುವಷ್ಟರಲ್ಲಿ ಕೇಳಬೇಕೆನಿಸುವುದಿಲ್ಲ. ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಯಾರ್‍ಯಾರಿಗೆ ಗೊತ್ತು, ದುಡ್ಡು ಖರ್ಚಾಗಿದೆಯೇ ಎಂಬುವನ್ನು ಕೇಳಿ. ಉತ್ತರ ಒಂದೇ ಸಲ ಪೂರ್ತಿ ಬರಲಿ ಎಂದು ಆಕೆಗೂ ಹೇಳಿ. ವಾರಕ್ಕೊಂದು ತುಣುಕು ಹೊರಬಂದರೆ ನೀವು ಪ್ರತಿಸಲ ಮೊದಲ ದಿನಕ್ಕೇ ವಾಪಸು ಹೋಗುತ್ತೀರಿ, ಸಂಸಾರಗಳು ಎರಡನೇ ಸಲ ಮುರಿಯುವುದು ಬಹುಮಟ್ಟಿಗೆ ಈ ಕಾರಣಕ್ಕೆ. ಮೈಯ ವಿವರ, ‘ಅವನು ನನಗಿಂತ ಮೇಲಾ’ ಎಂಬಂಥವನ್ನು ಕೇಳಬೇಡಿ. ಆ ಉತ್ತರದಿಂದ ನಿಮಗೆ ಉಪಯೋಗವಿಲ್ಲ, ಮರೆಯಲಂತೂ ಆಗುವುದಿಲ್ಲ.

ಸಂಕೋಚಕ್ಕೆ ಯಾರೂ ಹೇಳದ ಒಂದು ಮಾತು: ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಡುತ್ತಾರೆ. ಕೊನೆಯ ಸಂಪರ್ಕಕ್ಕೆ ಮೂರು ತಿಂಗಳು ತುಂಬುವ ಮೊದಲು ಮಾಡಿಸಿದ ಪರೀಕ್ಷೆಯನ್ನು ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಬೇಕು. ನಿಮ್ಮದು ಎಂಟು ತಿಂಗಳಾದ್ದರಿಂದ ಒಂದೇ ಸಲ ಸಾಕಾಗಬಹುದು.

ಮೂರು ತಿಂಗಳು ಮಾತು ಉಳಿದರೆ ಪ್ರಶ್ನೆಯ ಸಂಜೆ ವಾರಕ್ಕೊಂದಾಗಲಿ. ಆರು ತಿಂಗಳಿಗೆ ಒಪ್ಪಂದ ತೆಗೆದು ನೋಡಿ, ಸಡಿಲಿಸಿ. ಕೊನೆಯಿಲ್ಲದ ಕಾವಲು ಶಿಕ್ಷೆಯಾಗುತ್ತದೆ, ಶಿಕ್ಷೆ ನಿಮ್ಮ ಕ್ಷಮೆಯ ಮಾತಿಗೆ ವಿರುದ್ಧ. ನಿಮ್ಮ ಕ್ಷಮೆಗೂ ಕರಾರುಗಳಿವೆ: ಜಗಳದಲ್ಲಿ ಅದನ್ನು ಎತ್ತಿ ಹೊಡೆಯುವಂತಿಲ್ಲ, ಮಕ್ಕಳಿಗೆ, ಆಕೆಯ ತಂಗಿಗೆ, ಕಸಿನ್‌ಗಳ ವಾಟ್ಸ್ಆ್ಯಪ್ ಗುಂಪಿಗೆ ಹೇಳುವಂತಿಲ್ಲ, ನೀವೂ ಒಂದು ಸಂಬಂಧ ಇಟ್ಟುಕೊಂಡು ಸರಿ ಮಾಡುವಂತಿಲ್ಲ. ಹೊಟ್ಟೆ ಕಲಕುವುದು ಇನ್ನೂ ಇದೆ ಎಂದರೆ ಕ್ಷಮಿಸಿಲ್ಲ ಎಂದರ್ಥವಲ್ಲ. ಕ್ಷಮೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಕ್ರೈಸ್ತ ಮನಶ್ಶಾಸ್ತ್ರಜ್ಞ ಎವರೆಟ್ ವರ್ತಿಂಗ್ಟನ್, ಕ್ಷಮಿಸುವ ತೀರ್ಮಾನ ಮತ್ತು ಭಾವನೆ ಬದಲಾಗುವುದು ಎರಡೂ ಬೇರೆ ಎನ್ನುತ್ತಾರೆ. ತೀರ್ಮಾನ ನಿಮ್ಮ ಕೈಲಿದೆ, ಭಾವನೆ ತನ್ನ ಸಮಯ ತೆಗೆದುಕೊಳ್ಳುತ್ತದೆ. ಹಾಗೆಯೇ, ಹಿರಿಯರ ಎದುರು ಕೂರಿಸಿ ಅಳಿಸುವ ಪ್ರಾರ್ಥನಾ ಕೂಟಗಳು ನಮಗೆ ಒಪ್ಪಿಗೆಯಿಲ್ಲ. ಕ್ಷಮೆ ಕೇಳುವವರಿಗೂ ಕೊಡುವವರಿಗೂ ಅಲ್ಲಿ ‘ಇಲ್ಲ, ಇನ್ನೂ ಸ್ವಲ್ಪ ದಿನ ಬೇಕು’ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ.

ಗಂಡ ಕುಡಿದು ಹೊಡೆಯುತ್ತಾರೆ. ಬೆಳಿಗ್ಗೆ ಮೊಣಕಾಲೂರಿ ಕ್ಷಮೆ ಕೇಳುತ್ತಾರೆ. ‘ಏಳೆಪ್ಪತ್ತು ಸಾರಿ ಕ್ಷಮಿಸು, ಪ್ರೀತಿಯಿಂದ ಗೆಲ್ಲು’ ಅನ್ನುತ್ತಾರೆ ನಮ್ಮ ಸಭೆಯವರು. ನಾನು ಇನ್ನೂ ಎಷ್ಟು ಪ್ರೀತಿಸಬೇಕು?
– ಹೆಸರು ಬೇಡ, ಲಗ್ಗೆರೆ

ಪೆಟ್ಟು ತಿನ್ನುವುದು ಪ್ರೀತಿಯ ಅಳತೆಯಲ್ಲ. ಏಳೆಪ್ಪತ್ತು ಸಾರಿಯ ಮಾತಿರುವ ಮತ್ತಾಯ 18:22ಕ್ಕೆ ಐದೇ ವಚನ ಮೇಲೆ, 15ರಿಂದ 17ರವರೆಗೆ ಓದಲು ಸಭೆಯವರಿಗೆ ಹೇಳಿ. ತಪ್ಪು ಮಾಡಿದವನಿಗೆ ಮೊದಲು ಒಂಟಿಯಾಗಿ, ಕೇಳದಿದ್ದರೆ ಒಬ್ಬಿಬ್ಬರ ಎದುರು, ಆಗಲೂ ಕೇಳದಿದ್ದರೆ ಸಭೆಯ ಎದುರು ಹೇಳಬೇಕು. ಸಭೆಯ ಮಾತೂ ಕೇಳದವನನ್ನು ಹೊರಗಿನವನೆಂದು ಎಣಿಸಬೇಕು. ನಿಮ್ಮ ಸಭೆಯವರು ತಮ್ಮ ಪಾಲಿನ ಕೆಲಸ ಬಿಟ್ಟು ನಿಮ್ಮ ಪಾಲಿನದನ್ನು ಮಾತ್ರ ನೆನಪಿಸುತ್ತಿದ್ದಾರೆ. 1 ಸಮುವೇಲ 24ರಲ್ಲಿ ತನ್ನನ್ನು ಕೊಲ್ಲಲು ಬೆನ್ನಟ್ಟಿ ಬಂದು ಗವಿಯೊಳಗೆ ಕೈಗೆ ಸಿಕ್ಕ ಅರಸ ಸೌಲನನ್ನು ದಾವೀದ ಬಿಟ್ಟುಬಿಟ್ಟ, ಸೌಲ ಅತ್ತು ತಪ್ಪೊಪ್ಪಿಕೊಂಡ. ಕೊನೆಯ ವಚನ ನೋಡಿ: ಸೌಲ ತನ್ನ ಮನೆಗೆ ಹೋದ, ದಾವೀದನೂ ಅವನ ಜನರೂ ತಮ್ಮ ಆಶ್ರಯಸ್ಥಾನಕ್ಕೆ ಏರಿಹೋದರು. ಅತ್ತವನ ಹಿಂದೆ ಅರಮನೆಗೆ ಹೋಗಲಿಲ್ಲ.

ಈಗ ಮಾಡಬೇಕಾದ್ದು. ಆಧಾರ್, ಮದುವೆಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಒಂದು ಜೊತೆ ಬಟ್ಟೆ, ಸ್ವಲ್ಪ ನಗದು, ದಿನಾ ತೆಗೆದುಕೊಳ್ಳುವ ಔಷಧಿ, ಇಷ್ಟನ್ನು ಒಂದು ಚೀಲದಲ್ಲಿ ಹಾಕಿ ನಂಬುವ ಒಬ್ಬರ ಮನೆಯಲ್ಲಿಡಿ. ಪೆಟ್ಟಾದಾಗ ಸರ್ಕಾರಿ ಆಸ್ಪತ್ರೆಗೆ ಹೋಗಿ ಹೇಗೆ ಪೆಟ್ಟಾಯಿತೆಂದು ನಿಜ ಹೇಳಿ, ಎಂಎಲ್‌ಸಿ (ಕಾನೂನಿಗೆ ಬೇಕಾಗುವ ವೈದ್ಯಕೀಯ ದಾಖಲೆ) ದಾಖಲಿಸಲು ಕೇಳಿ. ‘ಜಾರಿ ಬಿದ್ದೆ’ ಎಂದು ಬರೆಸಿದ ಚೀಟಿ ಮುಂದೆ ನಿಮಗೇ ಅಡ್ಡಬರುತ್ತದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿಯ ಮೂಲಕ ಅರ್ಜಿ ಹಾಕಬಹುದು. ಹೊಡೆಯದಂತೆ ರಕ್ಷಣಾ ಆದೇಶ, ಮನೆಯಿಂದ ನಿಮ್ಮನ್ನು ಹೊರಹಾಕದಂತೆ ವಾಸದ ಆದೇಶ, ಖರ್ಚಿನ ಹಣ, ಮೂರನ್ನೂ ಕೇಳಬಹುದು. ಮನೆ ಅವರ ಹೆಸರಿನಲ್ಲಿದ್ದರೂ ವಾಸದ ಹಕ್ಕು ನಿಮಗಿದೆ.

ಕುಡಿತ ಬಿಟ್ಟು, ಚಿಕಿತ್ಸೆ ಪಡೆದು, ತಿಂಗಳುಗಟ್ಟಲೆ ಕೈಯೆತ್ತದೆ ಇದ್ದರೆ ಮುಂದಿನದು ಯೋಚಿಸೋಣ. ಆ ಮೊದಲು ಜೋಡಿಯಾಗಿ ಸಮಾಲೋಚನೆಗೂ ಹೋಗಬೇಡಿ. ಅಲ್ಲಿ ನೀವು ಆಡಿದ ನಿಜಕ್ಕೆ ಮನೆಗೆ ಬಂದ ಮೇಲೆ ಬೆಲೆ ತೆರಬೇಕಾಗುತ್ತದೆ. ಒಬ್ಬರೇ ಹೋಗಿ.

ಕಥೋಲಿಕಳು. ಗಂಡ ಮದುವೆಗೆ ಮುಂಚೆಯೇ ಒಂದು ದೊಡ್ಡ ವಿಷಯ ಮುಚ್ಚಿಟ್ಟಿದ್ದ, ವರ್ಷದೊಳಗೆ ಬೇರೆಯಾದೆವು. ಕೋರ್ಟಿನಲ್ಲಿ ವಿಚ್ಛೇದನವಾಗಿದೆ. ಈಗ ಒಬ್ಬರನ್ನು ಇಷ್ಟಪಟ್ಟಿದ್ದೇನೆ. ದೇವಾಲಯದಲ್ಲಿ ಮದುವೆಯಾಗಬಹುದೇ?
– ಹೆಸರು ಬೇಡ, ಫ್ರೇಜರ್ ಟೌನ್

ವಿಚ್ಛೇದನದ ಡಿಕ್ರಿಯೊಂದರಿಂದಲೇ ಆಗುವುದಿಲ್ಲ. ಮೊದಲ ಮದುವೆ ಸಿಂಧುವೇ ಆಗಿರಲಿಲ್ಲ ಎಂದು ಧರ್ಮಸಭೆಯ ನ್ಯಾಯಮಂಡಳಿ ಘೋಷಿಸಬೇಕು. ಧರ್ಮಕೇಂದ್ರದ ಗುರುಗಳ ಮೂಲಕ ಬೆಂಗಳೂರು ಮಹಾಧರ್ಮಕ್ಷೇತ್ರದ ನ್ಯಾಯಮಂಡಳಿಗೆ ಅರ್ಜಿ ಹಾಕಿ. ದೀಕ್ಷಾಸ್ನಾನದ ಮತ್ತು ಮದುವೆಯ ಪ್ರಮಾಣಪತ್ರ, ಕೋರ್ಟಿನ ಡಿಕ್ರಿ, ಪರಿಚಯದಿಂದ ಬೇರೆಯಾಗುವವರೆಗೆ ನಡೆದದ್ದರ ಬರಹ, ಸಾಕ್ಷಿಗಳ ಹೆಸರು ಸಾಮಾನ್ಯವಾಗಿ ಬೇಕು. ಮದುವೆಗೆ ಮುಂಚಿನ ದಿನಗಳನ್ನು ಕಂಡವರೇ ಒಳ್ಳೆಯ ಸಾಕ್ಷಿಗಳು. ಹೆಚ್ಚಿನವರು ಆಮೇಲಿನ ಜಗಳ ಬಲ್ಲವರನ್ನು ಕರೆತರುತ್ತಾರೆ, ಮಂಡಳಿ ನೋಡುವುದಾದರೋ ಒಪ್ಪಿಗೆ ಕೊಟ್ಟ ದಿನ ಆ ಒಪ್ಪಿಗೆ ಸರಿಯಾಗಿತ್ತೇ ಎಂಬುದನ್ನು. ಮದುವೆಯ ನಂತರದ ವ್ಯಭಿಚಾರ ತಾನಾಗಿ ಆಧಾರವಲ್ಲ. ದಾಂಪತ್ಯವನ್ನು ಗಂಭೀರವಾಗಿ ಕದಡುವಂಥ ಗುಣವೊಂದನ್ನು ಒಪ್ಪಿಗೆ ಪಡೆಯಲೆಂದೇ ಮೋಸದಿಂದ ಮುಚ್ಚಿಟ್ಟಿದ್ದರೆ ಧರ್ಮಸಭೆಯ ಕಾನೂನಿನ 1098ನೇ ವಿಧಿ ಅನ್ವಯಿಸಬಹುದು.

ಪೋಪ್ ಫ್ರಾನ್ಸಿಸ್ 2015ರಲ್ಲಿ ತಂದ ಬದಲಾವಣೆಯ ನಂತರ ಎರಡನೇ ಮಂಡಳಿಯೂ ಅದೇ ತೀರ್ಪು ಕೊಡಬೇಕೆಂಬ ಕಡ್ಡಾಯ ಹೋಗಿದೆ. ಮೊದಲ ಹಂತ ಒಂದು ವರ್ಷ ಮೀರಬಾರದೆಂಬುದು ನಿಯಮ, ಸಾಕ್ಷಿಗಳು ಸಮಯಕ್ಕೆ ಬಾರದೆ ಎಳೆಯುವುದೂ ಉಂಟು. ಆದ್ದರಿಂದ ತೀರ್ಪಿಗೆ ಮುಂಚೆ ಛತ್ರ ಗೊತ್ತುಮಾಡಬೇಡಿ. ಇದೇ ಪ್ರಶ್ನೆ ತಿರುವುಮುರುವಾಗಿಯೂ ಬರುತ್ತಿರುತ್ತದೆ: ಮಂಡಳಿಯ ತೀರ್ಪು ಸಿಕ್ಕಿದೆ, ಕೋರ್ಟ್ ಬೇಕೇ ಎಂದು. ಬೇಕು. ಧರ್ಮಸಭೆಯ ತೀರ್ಪಿಗೆ ಕಾನೂನಿನ ಬಲವಿಲ್ಲವೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಡಿಕ್ರಿಯಿಲ್ಲದೆ ಮತ್ತೆ ಮದುವೆಯಾದರೆ ದ್ವಿವಿವಾಹದ ಅಪರಾಧವಾದೀತು.

ಮಂಡಳಿಗೆ ಬರೆಯುವ ಹೇಳಿಕೆ ಹಳೆಯದನ್ನೆಲ್ಲ ಮೇಲೆ ತರುತ್ತದೆ. ದಿನಕ್ಕೆ ಒಂದು ಪುಟದಂತೆ ಬರೆಯಿರಿ, ಇಷ್ಟಪಟ್ಟವರಿಂದ ಬರೆಸಬೇಡಿ, ಅವರಿಗೆ ಓದಲೂ ಕೊಡಬೇಕಿಲ್ಲ.

ಪ್ರೀತಿ ಮುರಿದದ್ದನ್ನು ಯೌವನಸ್ಥರ ಕೂಟದಲ್ಲಿ ಪ್ರಾರ್ಥನೆಗೆಂದು ಹೇಳಿಕೊಂಡೆ. ಎರಡೇ ವಾರದಲ್ಲಿ ಇಡೀ ಸಭೆಗೆ ಗೊತ್ತಾಗಿತ್ತು. ಈಗ ಚರ್ಚಿಗೆ ಹೋಗಲು ಮನಸ್ಸೇ ಇಲ್ಲ.
– ಹೆಸರು ಬೇಡ, ಯಲಹಂಕ

ಪ್ರಾರ್ಥನಾ ಬಿನ್ನಹದ ವೇಷದಲ್ಲಿ ಹರಟೆ ಓಡಾಡುವುದು ನಮ್ಮ ಸಭೆಗಳ ದೊಡ್ಡ ರೋಗ, ವಾಟ್ಸ್ಆ್ಯಪ್ ಬಂದ ಮೇಲೆ ಅದಕ್ಕೆ ಕಾಲು ಬಂದಿದೆ. ಯಾರಿಂದ ಹೊರಬಿತ್ತೆಂದು ಗೊತ್ತಿದ್ದರೆ ಅವರನ್ನು ಒಂಟಿಯಾಗಿ ಕರೆದು ಎರಡೇ ಮಾತು ಹೇಳಿ: ‘ನಾನು ಹೇಳಿದ್ದು ಹೊರಗೆ ಹೋಯಿತು, ನನಗೆ ನೋವಾಯಿತು. ಇನ್ನು ಅದನ್ನು ಯಾರಿಗೂ ಹೇಳಬೇಡಿ.’ ವಾದಕ್ಕೆ ನಿಲ್ಲಬೇಡಿ. ಆಮೇಲೆ ಕೂಟದ ಮುಖಂಡರಿಗೆ ನಾಲ್ಕು ಸಾಲು ಬರೆದು ಕೊಡಿ, ಬಾಯಲ್ಲಿ ಹೇಳಿದ್ದು ಮತ್ತೆ ಬಾಯಿಂದ ಬಾಯಿಗೆ ಹೋಗುತ್ತದೆ.

ನಾಲ್ಕರಿಂದ ಆರು ವಾರ ಬೇರೆ ಆರಾಧನೆಗೆ ಹೋಗಿ. ಬೆಳಗಿನ ಕನ್ನಡ ಆರಾಧನೆಗೆ ಹೋಗುವವರಾದರೆ ಸಂಜೆಯದಕ್ಕೆ, ಅಥವಾ ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್, ಹಡ್ಸನ್ ವೃತ್ತದ ಹಡ್ಸನ್ ಮೆಮೋರಿಯಲ್‌ನಂಥ, ನಿಮ್ಮನ್ನು ಯಾರೂ ಗುರುತು ಹಿಡಿಯದ ದೊಡ್ಡ ಕನ್ನಡ ಸಭೆಗೆ. ಹಿಂದಿನ ಸಾಲಿನಲ್ಲಿ ಕೂತು ಆಶೀರ್ವಾದವಾದ ಕೂಡಲೇ ಎದ್ದು ಬಂದರೂ ಸರಿ. ಸಭೆಯಾಗಿ ಕೂಡುವುದನ್ನು ಬಿಡಬಾರದೆಂಬ ಇಬ್ರಿಯ 10:25ನ್ನು ನಿಮ್ಮ ಮೇಲೆ ಬೆತ್ತದಂತೆ ಬೀಸುವವರು ಅದರ ಹಿಂದಿನ ವಚನವನ್ನೂ ಓದಲಿ, ಒಬ್ಬರನ್ನೊಬ್ಬರು ಪ್ರೀತಿಗೆ ಪ್ರೇರೇಪಿಸಬೇಕೆಂದು ಅಲ್ಲಿದೆ. ಮುಂದೆ ಗುಂಪಿನಲ್ಲಿ ಪ್ರಾರ್ಥನೆ ಕೇಳುವುದಾದರೆ ‘ಒಂದು ವಿಷಯಕ್ಕಾಗಿ’ ಎಂದರೆ ಸಾಕು, ದೇವರಿಗೆ ವಿವರ ಗೊತ್ತು. ಪೂರ್ತಿ ಕಥೆ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. ಸಭೆಯ ಎದುರು ಸಾಕ್ಷಿ (ದೇವರು ನಡೆಸಿದ ಅನುಭವ) ಹೇಳಲು ಕರೆದರೆ, ರಾತ್ರಿ ಎಚ್ಚರಗೊಳಿಸುವ ವಿಷಯವನ್ನು ಸದ್ಯಕ್ಕೆ ವೇದಿಕೆ ಹತ್ತಿಸಬೇಡಿ.

ಮಗಳಿಗೆ 24. ಪ್ರೀತಿಸಿದವನು ಬಿಟ್ಟುಹೋದ ಮೇಲೆ ಬೈಬಲ್ ಮುಟ್ಟುವುದಿಲ್ಲ, ಊಟ ಅರ್ಧಂಬರ್ಧ, ದಿನವಿಡೀ ಮಲಗಿರುತ್ತಾಳೆ. ಉಪವಾಸ ಕೂಟಕ್ಕೆ ಕರೆದುಕೊಂಡು ಹೋಗಿ ಕೈಯಿಟ್ಟು ಪ್ರಾರ್ಥಿಸಿದರೆ ಸರಿಹೋಗುತ್ತಾಳಾ?
– ಒಬ್ಬ ತಾಯಿ, ಕೆ.ಆರ್. ಪುರ

ಊಟ ಬಿಟ್ಟವಳನ್ನು ಉಪವಾಸಕ್ಕೆ ಒಯ್ಯಬೇಡಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ತನಗೆ ಸಾವು ಬರಲೆಂದು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇಟ್ಟು ಎಬ್ಬಿಸಿದ, ತಿಂದು ಮತ್ತೆ ಮಲಗಲು ಬಿಟ್ಟ, ಎರಡನೇ ಸಲವೂ ಎಬ್ಬಿಸಿ ಉಣಿಸಿದ. ದೇವರು ಮಾತಾಡಿದ್ದು ಆಮೇಲೆ, ಅದೂ ‘ಇಲ್ಲೇನು ಮಾಡುತ್ತೀ’ ಎಂಬ ಪ್ರಶ್ನೆಯಿಂದ.

ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಊಟ, ಬೆಳಿಗ್ಗೆ ಹತ್ತು ನಿಮಿಷ ಬಿಸಿಲಿನಲ್ಲಿ ನಡಿಗೆ, ರಾತ್ರಿ ಫೋನ್ ಕೋಣೆಯಿಂದ ಹೊರಗೆ. ಬೈಬಲ್ ಓದು ಎಂದು ಒತ್ತಾಯಿಸಬೇಡಿ. ಕೇಳುವ ಮನಸ್ಸಿದ್ದರೆ ನೀವೇ 88ನೇ ಕೀರ್ತನೆ ಓದಿ. ಇಡೀ ಕೀರ್ತನೆಗಳಲ್ಲಿ ಕತ್ತಲೆಯಲ್ಲೇ ಮುಗಿಯುವಂಥದ್ದು ಅದು. ಅಂಥ ಪ್ರಾರ್ಥನೆಗೂ ಬೈಬಲಿನಲ್ಲಿ ಜಾಗವಿದೆಯೆಂದು ಅವಳಿಗೆ ತಿಳಿಯಲಿ. ‘ಅವನಿಗಿಂತ ಒಳ್ಳೆಯ ಹುಡುಗ ಸಿಗುತ್ತಾನೆ’ ಎಂಬ ಮಾತು ಸದ್ಯಕ್ಕೆ ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು. ಈ ಸ್ಥಿತಿ ಎರಡು ವಾರ ದಾಟಿದ್ದರೆ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಮಾತ್ರೆ ಬರೆದುಕೊಟ್ಟರೆ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು. ಚೆನ್ನಾಗಿದ್ದಾಳೆಂದು ನೀವೇ ನಿಲ್ಲಿಸಬೇಡಿ, ನಿಲ್ಲಿಸುವುದನ್ನೂ ವೈದ್ಯರೇ ಹೇಳಲಿ. ಸಾಯುವ ಮಾತಾಡಿದರೆ ಅದನ್ನು ಹಟವೆಂದು ತಳ್ಳಿಹಾಕದೆ ನೇರವಾಗಿ ಕೇಳಿ, ‘ಸಾಯಬೇಕು ಅನ್ನಿಸುತ್ತಾ?’ ಎಂದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಮನೆಯ ಮಾತ್ರೆ, ಇಲಿಪಾಷಾಣ, ಫಿನಾಯಿಲ್ ಎಲ್ಲ ಬೀಗದೊಳಗೆ ಹೋಗಲಿ, ಅದೇ ದಿನ ಆಸ್ಪತ್ರೆಗೆ ಹೊರಡಿ. ಕೈಯಿಟ್ಟು ಪ್ರಾರ್ಥಿಸಬೇಕೆನಿಸಿದರೆ, ಅವಳು ಬೇಡವೆನ್ನದಿದ್ದರೆ, ದಾರಿಯಲ್ಲಿ ಆಟೋದಲ್ಲಿ ನೀವೇ ಪ್ರಾರ್ಥಿಸಿ.